ಮುಳ್ಳಿನ ಮೇಲಣ ಅಪವಾದ

ಹಳೆಯ ಕಾರನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದವರಲ್ಲಿಯೂ, ಪೆಟ್ರೋಲಿನ ಮುಳ್ಳು ತಪ್ಪು ತೋರಿತೆಂದೊಡನೆ ಗೇಜನ್ನೇ ಕಳಚಿ ಬಿಚ್ಚುವ ಆತುರ ಕಂಡುಬರುತ್ತದೆ. ಆದರೆ ದೋಷವು ಅಲ್ಲಿ ನೆಲೆಸಿರುವುದು ವಿರಳವೆಂದೂ, ಶೋಧನೆಯು ತಂತಿಯ ಜಾಡು ಹಿಡಿದೇ ಮೊದಲಾಗತಕ್ಕದ್ದೆಂದೂ ನನ್ನ ದೃಢವಾದ ಅಭಿಪ್ರಾಯ.

1967ರಲ್ಲಿ ಹೊರಬಂದ ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ 3 ಕಾರನ್ನೇ ತೆಗೆದುಕೊಳ್ಳೋಣ. ಅದರ ಪೆಟ್ರೋಲ್ ಹಾಗೂ ಉಷ್ಣತೆಯ ಗೇಜುಗಳೆರಡೂ ಸ್ಮಿತ್ಸ್ ಸಂಸ್ಥೆಯ ದ್ವಿಲೋಹ ಯಂತ್ರಗಳು. ವಿದ್ಯುತ್ತಿನಿಂದ ಕಾಯ್ದ ಪಟ್ಟಿಯು ಬಾಗಿ ಮುಳ್ಳನ್ನು ದೂಡುವುದರಿಂದಲೇ, ಕೀಲಿ ತಿರುವಿದೊಡನೆ ಅದು ನೆಗೆಯದೆ ಗಂಭೀರವಾಗಿ ಏರುತ್ತದೆ. ವಿದ್ಯುತ್ತಿನ ಒತ್ತಡವಾದರೋ 12ರಿಂದ 14 ವೋಲ್ಟಿನವರೆಗೆ ಏರಿಳಿಯತಕ್ಕದ್ದು. ಆ ಚಾಂಚಲ್ಯವು ಮುಳ್ಳಿಗೆ ತಾಗದಂತೆ ಡ್ಯಾಶ್‌ಬೋರ್ಡಿನ ಹಿಂದೆ ಸ್ಟೆಬಿಲೈಸರ್ ಎಂಬ ಪುಟ್ಟ ತಗಡಿನ ಡಬ್ಬಿ ಕುಳಿತಿದೆ. ಪ್ರವಾಹವನ್ನು ಕ್ಷಣಕ್ಷಣಕ್ಕೂ ತಡೆದು ಬಿಡುತ್ತ, ಸರಾಸರಿ 10 ವೋಲ್ಟಿಗೆ ಸಮನಾದುದನ್ನು ಎರಡು ಗೇಜುಗಳಿಗೂ ಹಂಚುವುದು ಅದರ ಕಾಯಕ. ವೋಲ್ಟ್‌ಮೀಟರಿನಲ್ಲಿ ಅಂಕಿಗಳು ಕುಣಿದಾಡುವುದನ್ನು ಕಂಡು ಅದನ್ನು ಕೆಟ್ಟಿತೆಂದು ಎಸೆಯುವವರು, ಸರಿಯಾಗಿ ದುಡಿಯುತ್ತಿರುವ ವಸ್ತುವನ್ನೇ ಎಸೆಯುತ್ತಾರೆ.

ಆದುದರಿಂದ ಮೊದಲ ಪ್ರಶ್ನೆ: ತಪ್ಪುವುದು ಒಂದು ಮುಳ್ಳೋ, ಎರಡೋ? ಎರಡೂ ಏಕಕಾಲದಲ್ಲಿ ಮೇಲಕ್ಕೇರಿದರೆ, ಸ್ಟೆಬಿಲೈಸರು ತನ್ನ ಅರ್ತನ್ನು, ಎಂದರೆ ಕಾರಿನ ಮೈಯೊಂದಿಗಿನ ವಿದ್ಯುತ್ ಸಂಪರ್ಕವನ್ನು, ಕಳೆದುಕೊಂಡು ಪೂರ್ಣ ವೋಲ್ಟೇಜನ್ನೇ ಹರಿಯಬಿಡುತ್ತಿರಬಹುದು. ಡಬ್ಬಿಯನ್ನು ಬಿಗಿದ ಸ್ಕ್ರೂವಿನ ಸುತ್ತಲ ತುಕ್ಕನ್ನು ಉಜ್ಜಿ ತೆಗೆದಮಾತ್ರಕ್ಕೇ ರೋಗವು ಶಮನವಾದ ನಿದರ್ಶನಗಳುಂಟು. ಎರಡೂ ಕುಸಿದರೆ ಅದರ ಒಳಸಂಪರ್ಕಗಳನ್ನು ಶಂಕಿಸಬೇಕು.

ಪೆಟ್ರೋಲಿನ ಮುಳ್ಳೊಂದೇ ಕೆಳಗಿದ್ದರೆ, ಪೆಟ್ರೋಲಿನ ಮಟ್ಟವನ್ನು ಗೇಜಿಗೆ ತಿಳಿಸುವ ಟ್ಯಾಂಕಿನ ಸೆಂಡರಿನತ್ತ ಹೋಗಬೇಕು. ಅದರ ಲೋಹದ ಅಂಚಿಗೂ ಕಾರಿನ ಮೈಗೂ ಒಂದು ತಂತಿಯನ್ನು ಬಿಗಿಯಾಗಿ ಕಟ್ಟಿ, ಅನಂತರವೇ ಕೀಲಿ ತಿರುವಿ ನೋಡಿದಾಗ ಮುಳ್ಳು ಸರಿಹೋದರೆ ಅರ್ತೇ ಅಪರಾಧಿ. ಇಲ್ಲವಾದರೆ ಸೆಂಡರನ್ನು ಹೊರತೆಗೆದು, ಪೆಟ್ರೋಲಿನ ಮೇಲೆ ತೇಲಬೇಕಾದ ಅದರ ಫ್ಲೋಟನ್ನು ಕಿವಿಯ ಬಳಿ ಅಲುಗಿಸಬೇಕು. ಒಳಗೆ ಪೆಟ್ರೋಲು ತುಳುಕಿದರೆ ಬೇರೆ ಸಾಕ್ಷ್ಯವೇ ಬೇಡ.

ಇನ್ನೂ ಹಳೆಯ ಬ್ರಿಟಿಷ್ ಕಾರುಗಳಲ್ಲಿ, ಈಥರ್ ತುಂಬಿದ ಸೂಕ್ಷ್ಮನಳಿಕೆಯುಳ್ಳ ಉಷ್ಣತಾಮಾಪಕವನ್ನು ಕುದಿಯುವ ನೀರಿನಲ್ಲಿ ಪರೀಕ್ಷಿಸುವುದು ವಾಡಿಕೆ. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವುದರಿಂದ, ಮುಳ್ಳು 212 ಫ್ಯಾರನ್‌ಹೀಟ್ ಮುಟ್ಟಲೇಬೇಕೆಂದು ಹಟ ಹಿಡಿಯುವುದು ಅನ್ಯಾಯ. 207ರ ಆಸುಪಾಸಿನಲ್ಲಿ ನಿಂತರೆ ಅದು ಸತ್ಯವನ್ನೇ ನುಡಿದಂತಾಯಿತು.

ಹಳೆಯ ಸ್ಟೆಬಿಲೈಸರು ನಿಜವಾಗಿಯೂ ಸತ್ತಿದ್ದರೆ, ಸ್ಥಿರವಾದ 10 ವೋಲ್ಟನ್ನು ಕೊಡುವ ಎಲೆಕ್ಟ್ರಾನಿಕ್ ಬಿಡಿಭಾಗವನ್ನು ಅದೇ ಡಬ್ಬಿಯೊಳಗೆ ಅಡಗಿಸುವುದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಕಣ್ಣಿಗೆ ಕಾಣುವ ರೂಪ ಕೆಡುವುದಿಲ್ಲ. ಇಷ್ಟಾದ ಮೇಲೂ ಮುಳ್ಳು ತುಸು ತಪ್ಪಿದರೆ ಮಾತ್ರ ಗೇಜನ್ನು ಮುಟ್ಟಬಹುದು. ಅದರ ಬೆನ್ನಿನಲ್ಲಿ ಮುಚ್ಚಿಟ್ಟಿರುವ ಎರಡು ಕಿರುರಂಧ್ರಗಳ ಮೂಲಕ ಖಾಲಿಯ ಗುರುತನ್ನೊಮ್ಮೆ, ತುಂಬಿದ ಗುರುತನ್ನೊಮ್ಮೆ ಹೊಂದಿಸಬೇಕು. ಒಂದನ್ನು ಸರಿಸಿದರೆ ಮತ್ತೊಂದು ಕದಲುವುದರಿಂದಲೂ, ದ್ವಿಲೋಹದ ಪಟ್ಟಿಯು ಕಾಯ್ದು ನಿಲ್ಲಲು ಪ್ರತಿಸಲವೂ ಕಾಲಾವಕಾಶ ಬೇಕಾದುದರಿಂದಲೂ, ಈ ಕಾರ್ಯಕ್ಕೆ ಬಿಡುವಿನ ಒಂದು ಬೆಳಗನ್ನೇ ಮೀಸಲಿಡುವುದು ಲೇಸು.