ಶೋರೂಮಿನ ಗೇಟು ದಾಟದ ಕಾರುಗಳು

ಬೆಳಗಿನ ಟೀಮ್ ಕಾಲ್‌ನಲ್ಲಿ ಕ್ಯಾಮೆರಾ ಆನ್ ಮಾಡಿದರೆ ನನ್ನ ಬೆನ್ನ ಹಿಂದೆ ಒಂದು ಗಾಜಿನ ಕಪಾಟು ಕಾಣುತ್ತದೆ. ಅದರಲ್ಲಿ 3 ಕಾರುಗಳಿವೆ, ಒಂದೊಂದೂ ಗೇಣುದ್ದವೂ ಇಲ್ಲ. ಹೊಸದಾಗಿ ಸೇರಿದ ಹುಡುಗರು ಕೇಳಿಯೇ ಕೇಳ್ತಾರೆ, "ಸರ್, ಅವು ನೀವೇ ಮಾಡಿದ್ದಾ?" ಹೌದು ಅಂತೀನಿ, ಸ್ವಲ್ಪ ಉಬ್ಬಿಕೊಂಡೇ. ಕ್ಯಾಮೆರಾಕ್ಕೆ ಕಾಣದ ಇನ್ನೊಂದು ಜಾಗ ಇದೆ, ಮಂಚದ ಕೆಳಗೆ. ಅಲ್ಲಿ 21 ಡಬ್ಬಿಗಳಿವೆ. ಅರ್ಧಕ್ಕರ್ಧ ಡಬ್ಬಿಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿಲ್ಲ. ಅವುಗಳ ಬಗ್ಗೆ ಯಾರೂ ಕೇಳಿರಲಿಲ್ಲ. ಹೋದ ದೀಪಾವಳಿಗೆ ಅಪ್ಪ ಮಹಾಗಾಂವದಿಂದ ಬಂದವನು ತನ್ನ ಚೀಲ ಇಡಲು ಮಂಚದ ಕೆಳಗೆ ಬಗ್ಗಿದ.

"ಏನಪಾ ಇವು, ಇಷ್ಟೊಂದ್ ಡಬ್ಬಿ?"

"ಕಾರಪಾ. ಬಿಡಿಭಾಗ ಇರ್ತಾವ, ಜೋಡಿಸಿ ಬಣ್ಣ ಹಚ್ಚಬೇಕು."

"ಎಷ್ಟ್ ಮಾಡೀದಿ?"

"ಮೂರು."

"ಉಳಿದಿದ್ದು?"

"ಮಾಡ್ತೀನಿ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: "ಬಿತ್ತೋ ಬೀಜ ಹಗೇದಾಗ ಹಾಕಿ ಕುಂತ್ರ ಬೆಳಿ ಬರ್ತದೇನು?"

ಈ ಹವ್ಯಾಸದ ಬಗ್ಗೆ ನಾನು ಕೇಳಿದ ಮೊದಲ ವಿಮರ್ಶೆ ಅದು. ಇದು ಎರಡನೆಯದು.

ಗೊತ್ತಿಲ್ಲದವರಿಗೆ ಎರಡು ಮಾತು. ಮಾಡೆಲ್ ಕಾರ್ ಕಿಟ್ ಅಂದರೆ ಒಂದು ಡಬ್ಬಿಯಲ್ಲಿ ಪ್ಲಾಸ್ಟಿಕ್ ಚೌಕಟ್ಟುಗಳು. ಹುಣಸೆ ಟೊಂಗೆಗೆ ಕಾಯಿ ಜೋತಾಡಿದ ಹಾಗೆ ಆ ಚೌಕಟ್ಟುಗಳಿಗೆ ನೂರಾರು ಬಿಡಿಭಾಗಗಳು ಅಂಟಿಕೊಂಡಿರುತ್ತವೆ. ಒಂದೊಂದನ್ನೇ ಕತ್ತರಿಸಬೇಕು, ಮರಳು ಕಾಗದದಿಂದ ಉಜ್ಜಬೇಕು, ಪ್ರೈಮರ್ ಹೊಡೆಯಬೇಕು, ತೆಳ್ಳಗೆ ನಾಲ್ಕೈದು ಸಲ ಬಣ್ಣ ಕೊಡಬೇಕು, ಅಂಟಿಸಬೇಕು. 1/24 ಅಂದರೆ ನಿಜವಾದ ಕಾರಿನ 24ನೇ ಒಂದು ಪಾಲು. ನಮ್ಮ ಅಂಬಾಸಿಡರ್ ಸುಮಾರು 4.3 ಮೀಟರ್ ಉದ್ದ. 1/24ರಲ್ಲಿ 18 ಸೆಂಟಿಮೀಟರ್ ಆಗುತ್ತದೆ. ಐದೂವರೆ ಅಡಿಯ ನಮ್ಮಪ್ಪ 7 ಸೆಂಟಿಮೀಟರ್ ಆಗುತ್ತಾನೆ.

ಕೆಲಸ ಸುಲಭದ್ದಲ್ಲ, ಅದಕ್ಕೇ ಚಂದ. ನನ್ನ ಮೊದಲ ಕಾರಿನ ಗಾಜನ್ನು ಸೂಪರ್ ಗ್ಲೂನಿಂದ ಅಂಟಿಸಿದೆ. ಬೆಳಗ್ಗೆ ಎದ್ದು ನೋಡಿದರೆ ಅಂಟಿನ ಆವಿ ಕೂತು ಗಾಜಿಗೆ ಬೆಳ್ಳಗೆ ಮಂಜು ಕವಿದಿತ್ತು. ಎರಡನೆಯದಕ್ಕೆ ಜುಲೈ ತಿಂಗಳ ಮಳೆಯಲ್ಲಿ ಲ್ಯಾಕರ್ ಬಣ್ಣ ಹೊಡೆದೆ. ಗಾಳಿಯ ತೇವಕ್ಕೆ ಬಣ್ಣದ ಮೇಲೆ ಹಾಲಿನ ಕೆನೆಯಂಥ ಪೊರೆ ಬಂತು. ಹಗಲೆಲ್ಲ ಕೋಡ್ ಬರೆಯುವವನಿಗೆ ಇಲ್ಲಿ ಕಂಟ್ರೋಲ್ ಝಡ್ ಇಲ್ಲ ಅಂತ ಗೊತ್ತಾಗುವುದೇ ಒಂದು ಪಾಠ. ಹಾಗಾಗಿ ಹವ್ಯಾಸದ ಮೇಲೆ ನನ್ನ ತಕರಾರಿಲ್ಲ. ತಕರಾರು ಇರುವುದು, ಈ ಡಬ್ಬಿಗಳು ಕಾರಿನ ಬಗ್ಗೆ ಏನು ಹೇಳುತ್ತವೆ ಮತ್ತು ಏನು ಹೇಳುವುದಿಲ್ಲ ಅನ್ನುವುದರ ಮೇಲೆ.

ಕಪಾಟಿನ ಮೂರು ಕಾರುಗಳನ್ನೇ ನೋಡಿ. ಒಂದು ರೇಸಿನ ಪೋರ್ಶೆ. ಒಂದು 1967ರ ಮಾಂಟೆ ಕಾರ್ಲೊ ರ‍್ಯಾಲಿಯ ಮಿನಿ ಕೂಪರ್. ಇನ್ನೊಂದು ಫ್ರಾನ್ಸಿನ ಸಿಟ್ರೋಯೆನ್ 2ಸಿವಿ. ಮೂರೂ ಫಳಫಳ. ಮೂರರಲ್ಲೂ ಡ್ರೈವರ್ ಇಲ್ಲ. ಒಂದರ ಸೀಟಿಗೂ ಯಾರೂ ಕೂತ ಗುರುತಿಲ್ಲ. ಮಿನಿ ಕೂಪರ್ ಹಿಮದ ಬೆಟ್ಟಗಳಲ್ಲಿ ಓಡಿ ಗೆದ್ದ ಗಾಡಿ, ಆದರೆ ನನ್ನ ಮಿನಿಯ ಗಾಲಿಗೆ ಧೂಳಿಲ್ಲ. ಯಾಕೆಂದರೆ ಕಾರ್ ಮಾಡೆಲ್ ಮಾಡುವವರ ಲೋಕದಲ್ಲಿ ಒಳ್ಳೇದು ಅಂದರೆ ಹೊಳಪು. ಬಾಗಿಲಿನ ಸಂದು ಸಮ ಇದೆಯೇ, ಬಣ್ಣದ ಮೈಯಲ್ಲಿ ಟ್ಯೂಬ್‌ಲೈಟು ನೆಟ್ಟಗೆ ಕಾಣುತ್ತದೆಯೇ, ಪಂದ್ಯಗಳಲ್ಲಿ ನೋಡುವುದು ಹೆಚ್ಚಾಗಿ ಇದನ್ನೇ.

ಅದೇ 1/35 ಅಳತೆಯ ಟ್ಯಾಂಕ್ ಮಾಡುವವರನ್ನು ನೋಡಿ. ಅವರು ತಿಂಗಳುಗಟ್ಟಲೆ ಕೂತು ಕೆಸರು ಮೆತ್ತುತ್ತಾರೆ, ತುಕ್ಕು ಹಿಡಿಸುತ್ತಾರೆ, ಸೈನಿಕನ ಬೂಟು ತಾಗಿ ಬಣ್ಣ ಸವೆದ ಮೂಲೆಗಳನ್ನು ಹುಡುಕಿ ಹುಡುಕಿ ಕೆರೆಯುತ್ತಾರೆ. ಟ್ಯಾಂಕಿಗೆ ಒಂದು ಜೀವನ ಇತ್ತು ಅಂತ ಅವರು ಒಪ್ಪಿದ್ದಾರೆ. ಕಾರಿಗೂ ಒಂದು ಜೀವನ ಇರುತ್ತದೆ ಅಂತ ಕಾರಿನವರು ಯಾಕೆ ಒಪ್ಪುವುದಿಲ್ಲ? ತುಕ್ಕು ಹಿಡಿದು ಶೆಡ್ಡಿನಲ್ಲಿ ಬಿದ್ದ ಕಾರುಗಳನ್ನು ಮಾಡುವ ಕೆಲವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಅವರು ತೋರಿಸುವುದು ಕಾರಿನ ಸಾವು. ಹುಟ್ಟಿದ ದಿನಕ್ಕೂ ಸತ್ತ ದಿನಕ್ಕೂ ನಡುವಿನ ಇಪ್ಪತ್ತು ವರ್ಷದ ದುಡಿಮೆಯನ್ನು ತೋರಿಸುವವರು ಬಹಳ ಕಡಿಮೆ.

ಇದಕ್ಕೊಂದು ಇತಿಹಾಸ ಇದೆ. ಅಮೆರಿಕದಲ್ಲಿ 1950ರ ದಶಕದಲ್ಲಿ ಕಾರಿನ ಡೀಲರುಗಳು ಗಿರಾಕಿಗಳಿಗೆ ಆ ವರ್ಷದ ಹೊಸ ಕಾರಿನ ಪುಟ್ಟ ಪ್ಲಾಸ್ಟಿಕ್ ಮಾದರಿ ಹಂಚುತ್ತಿದ್ದರು, ಪ್ರಚಾರಕ್ಕೆ. ಅದನ್ನು ಮಾಡುತ್ತಿದ್ದ ಎಎಂಟಿಯಂಥ ಕಂಪನಿಗಳೇ ಅದೇ ಅಚ್ಚಿನ ಬಿಡಿಭಾಗಗಳನ್ನು ಡಬ್ಬಿಗೆ ಹಾಕಿ ಹುಡುಗರಿಗೆ ಮಾರಲು ಶುರುಮಾಡಿದವು. ಇವತ್ತಿಗೂ ಅಮೆರಿಕದ ಕಿಟ್‌ಗಳು 1/25 ಅಳತೆಯಲ್ಲಿ ಬರುವುದಕ್ಕೆ ಆ ಪ್ರಚಾರದ ಆಟಿಕೆಗಳೇ ಕಾರಣ. ಅಂದರೆ ಕಾರ್ ಕಿಟ್ ಹುಟ್ಟಿದ್ದೇ ಶೋರೂಮಿನಲ್ಲಿ. ಶೋರೂಮಿನ ಗೇಟು ದಾಟಿದ ಮೇಲೆ ಕಾರಿಗೆ ಏನಾಗುತ್ತದೆ ಅನ್ನುವುದು ಅದಕ್ಕೆ ಮೊದಲಿನಿಂದಲೂ ಬೇಕಾಗಿಲ್ಲ.

ಇನ್ನೊಂದು ದಾರಿ ಜಪಾನಿನದು. ಮರದ ವ್ಯಾಪಾರದಿಂದ ಶುರುವಾದ ತಮಿಯಾ ಕಂಪನಿ 1976ರಲ್ಲಿ 1/12 ಅಳತೆಯ ಪೋರ್ಶೆ 934 ತಂದಿತು. ಅದಕ್ಕಾಗಿ ಶುನ್ಸಾಕು ತಮಿಯಾ ನಿಜವಾದ ಪೋರ್ಶೆ 911 ಒಂದನ್ನು ಕೊಂಡು ಪೂರ್ತಿ ಬಿಚ್ಚಿಸಿ ನೋಡಿದರು. ಎಂಜಿನಿಯರಾಗಿ ನಾನು ಅವರಿಗೆ ಕೈ ಮುಗಿಯುತ್ತೇನೆ. ತಮಿಯಾ ಕಿಟ್ ಜೋಡಿಸುವಾಗ ಯಾವ ಭಾಗ ಯಾವುದನ್ನು ಹಿಡಿದುಕೊಂಡಿದೆ ಅಂತ ಕೈಗೇ ತಿಳಿಯುತ್ತದೆ. ಸಸ್ಪೆನ್ಷನ್ ಅಂದರೇನು ಅಂತ ನಾನು ಬಿಇನಲ್ಲಿ ಓದಿದ್ದಕ್ಕಿಂತ ಹೆಚ್ಚು ಡೈನಿಂಗ್ ಟೇಬಲ್ ಮೇಲೆ ಕಲಿತಿದ್ದೇನೆ. ಆದರೆ ಅವರೂ ಬಿಚ್ಚಿದ್ದು ಪೋರ್ಶೆಯನ್ನೇ. ನಮ್ಮ ಗಾಡಿಗಳನ್ನು ಬಿಚ್ಚಿ ಅಳೆದವರು ಯಾರು?

ಅಂಬಾಸಿಡರ್ 1950ರ ದಶಕದ ಕೊನೆಯಿಂದ 2014ರ ತನಕ ತಯಾರಾಯಿತು. ಬೇರೆ ದೇಶದಲ್ಲಿ ಇಷ್ಟು ವರ್ಷ ಬಾಳಿದ ಕಾರಿಗೆ ಹತ್ತು ಕಂಪನಿಯ ಕಿಟ್ ಇರುತ್ತಿದ್ದವು. ನಾನು ಹುಡುಕಿದ ಅಂಗಡಿಗಳಲ್ಲಿ ಒಂದೂ ಸಿಗಲಿಲ್ಲ. ಜೀಪು ಸಿಗುತ್ತದೆ, ವಿಲ್ಲಿಸ್, 1/35ರಲ್ಲಿ, ಯುದ್ಧದ ಗಾಡಿಯಾಗಿ. ಅದೇ ವಿಲ್ಲಿಸ್ ಜೀಪಿನಿಂದ ಶುರುವಾದ ಮಹೀಂದ್ರ ಜೀಪು ನಮ್ಮ ಕಡೆ ಮದುವೆ ದಿಬ್ಬಣದ 18 ಜನರನ್ನು, ಮೇಲೆ ಬ್ಯಾಂಡಿನವರ ಡೊಳ್ಳನ್ನು ಹೊತ್ತು ಮಹಾಗಾಂವ ಕ್ರಾಸ್‌ನಿಂದ ಕಮಲಾಪುರಕ್ಕೆ ಹೋಗುತ್ತಿತ್ತು. ಆ ಜೀಪಿಗೆ ಡಬ್ಬಿ ಇಲ್ಲ. ಕಾರಣ ದ್ವೇಷವಲ್ಲ, ಲೆಕ್ಕ. ಕಿಟ್‌ನ ಉಕ್ಕಿನ ಅಚ್ಚು ಬಹಳ ದುಬಾರಿ. ಸಾವಿರಾರು ಡಬ್ಬಿ ಮಾರಿದರೆ ಮಾತ್ರ ಹಾಕಿದ ದುಡ್ಡು ವಾಪಸ್ ಬರುತ್ತದೆ, ಕೊಳ್ಳುವವರು ಇರುವುದು ಬೇರೆ ದೇಶಗಳಲ್ಲಿ. ಲೆಕ್ಕ ನನಗೂ ಅರ್ಥವಾಗುತ್ತದೆ. ಆದರೆ ಯಾರ ಕಾರು ನೆನಪಿಗೆ ಯೋಗ್ಯ ಅಂತ ಆ ಲೆಕ್ಕವೇ ತೀರ್ಮಾನಿಸುವಾಗ, ಅದನ್ನು ಒಪ್ಪಿಕೊಂಡು 21 ಡಬ್ಬಿ ಕೊಂಡವನು ನಾನೇ ತಾನೆ?

ಒಂದು ಮಾತು ಹೇಳಲೇಬೇಕು: ಸೆಂಟಿ ಟಾಯ್ಸ್‌ನವರು ಅಂಬಾಸಿಡರನ್ನೂ ಆಟೋರಿಕ್ಷಾವನ್ನೂ ಮಾಡಿದ್ದಾರೆ. ಹಿಂದಕ್ಕೆಳೆದು ಬಿಟ್ಟರೆ ಓಡುವ ಪ್ಲಾಸ್ಟಿಕ್ ಆಟಿಕೆ. ಹವ್ಯಾಸಿಗಳು ಅದನ್ನು ನೋಡಿ ಮೂಗು ಮುರಿಯುತ್ತಾರೆ, ಅಳತೆ ಸರಿಯಿಲ್ಲ, ಗಾಲಿ ಒರಟು ಅಂತ. ಇರಬಹುದು. ಆದರೆ ಅಳತೆ ಸರಿಯಿದ್ದವರು ಮಾಡದ ಕೆಲಸವನ್ನು ಅವರು ಮಾಡಿದ್ದಾರೆ.

ಅಷ್ಟಕ್ಕೂ ಈ 'ಅಳತೆ ಸರಿ' ಅನ್ನುವುದೇ ಅರ್ಧ ಸುಳ್ಳು. ಕಿಟ್‌ನ ಮೇಲೆ ನಾವು ಹೊಡೆಯುವ ಬಣ್ಣ 0.1 ಮಿಲಿಮೀಟರ್ ದಪ್ಪ ಇದ್ದರೆ, ನಿಜವಾದ ಕಾರಿನ ಮೇಲೆ 2.4 ಮಿಲಿಮೀಟರ್ ಬಣ್ಣ ಬಳಿದಂತಾಯಿತು. ಮೆಟಾಲಿಕ್ ಬಣ್ಣದೊಳಗಿನ ಲೋಹದ ಕಣವನ್ನು 24 ಪಟ್ಟು ಹಿಗ್ಗಿಸಿ ನೋಡಿ, ಗರಸು ಎರಚಿದ ಹಾಗೆ ಇರುತ್ತದೆ. ಎಲ್ಲವನ್ನೂ ಕುಗ್ಗಿಸಲು ಆಗುವುದಿಲ್ಲ. ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಅಂತ ಮಾಡುವವನು ಆರಿಸಲೇಬೇಕು.

ಈ ಆರಿಸುವ ಕೆಲಸ ನಮ್ಮೂರಿನ ಹುಡುಗರಿಗೆ ಚೆನ್ನಾಗಿ ಗೊತ್ತಿತ್ತು. ಸುಗ್ಗಿ ಮುಗಿದ ಮೇಲೆ ಜೋಳದ ದಂಟು ಸೀಳಿ, ಒಳಗಿನ ಬೆಂಡು ತುಂಡು ಮಾಡಿ, ಸಿಪ್ಪೆಯನ್ನೇ ಮೊಳೆ ಮಾಡಿ ಬಂಡಿ ಕಟ್ಟುತ್ತಿದ್ದೆವು. ಹರಿದ ಹವಾಯಿ ಚಪ್ಪಲಿ ದುಂಡಗೆ ಕತ್ತರಿಸಿದರೆ ಗಾಲಿ. ಸೂಚನೆಯ ಹಾಳೆ ಇರಲಿಲ್ಲ, ಎದುರಿಗೆ ನಿಜವಾದ ಬಂಡಿ ಇತ್ತು. ನೊಗ, ಈಸು, ಅಚ್ಚು ಎಲ್ಲ ಅದನ್ನು ನೋಡಿಯೇ. ಕಡಾಣಿ ಹಾಕದಿದ್ದರೆ ಗಾಲಿ ಕಳಚುತ್ತದೆ ಅಂತ ಆಟದಲ್ಲೇ ಕಲಿತೆವು. ಮಣ್ಣೆತ್ತಿನ ಅಮಾವಾಸ್ಯೆಗೆ ಎರಿ ಮಣ್ಣಿನ ಎತ್ತು. ಅಳತೆ ನೋಡಿದರೆ ಅದು ಎತ್ತೇ ಅಲ್ಲ: ಇಣಿ ದೊಡ್ಡದು, ಕೊಂಬು ಉದ್ದ, ಕಾಲು ಮೋಟು. ಆದರೆ ಒಕ್ಕಲಿಗನಿಗೆ ಎತ್ತಿನಲ್ಲಿ ಏನು ಮುಖ್ಯವೋ ಅದು ಅಲ್ಲಿ ದೊಡ್ಡದಾಗಿ ಇರುತ್ತಿತ್ತು. ಮಾದರಿ ಅಂದರೆ ಅದು. ಒಂದು ವಸ್ತು ನಿನಗೆ ಏನಾಗಿತ್ತು ಅಂತ ಹೇಳುವುದು.

ಈಗ ಸಂಗ್ರಹದ ವಿಚಾರ. ಶನಿವಾರ ಬೆಳಗ್ಗೆ ಸೂಪರ್ ಮಾರ್ಕೆಟ್ಟಿನ ಆಟಿಕೆ ಸಾಲಿನಲ್ಲಿ ಹಾಟ್ ವೀಲ್ಸ್ ರಟ್ಟುಗಳನ್ನು ಗಬಗಬ ಕೆದಕುವ 35 ವರ್ಷದ ಗಂಡಸರನ್ನು ನೀವು ನೋಡಿರುತ್ತೀರಿ. ನಾನೂ ಅವರಲ್ಲೊಬ್ಬನಾಗಿದ್ದೆ. ಪಕ್ಕದಲ್ಲಿ ಒಂದು ಮಗು ಅಮ್ಮನ ಸೆರಗು ಹಿಡಿದು ತನ್ನ ಪಾಳಿಗೆ ಕಾಯುತ್ತಿರುತ್ತದೆ. ಅಪರೂಪದ ಟ್ರೆಶರ್ ಹಂಟ್ ಕಾರು ಸಿಕ್ಕರೆ ಬಿಚ್ಚುವುದಿಲ್ಲ, ಬಿಚ್ಚಿದರೆ ಬೆಲೆ ಹೋಗುತ್ತದೆ. ಇದನ್ನು ನಾವು ಪ್ಯಾಷನ್ ಅಂತೀವಿ. ಬಾಲ್ಯದಲ್ಲಿ ಸಿಗದಿದ್ದು ಈಗ ಸಂಬಳದಲ್ಲಿ ಸಿಗುತ್ತದೆ, ತಗೊಳ್ಳೋಣ, ತಪ್ಪಿಲ್ಲ. ಆದರೆ ಕೊಂಡಿದ್ದು ಬಾಲ್ಯವನ್ನೇ ಆಗಿದ್ದರೆ ಬಿಚ್ಚಿ ಆಡುತ್ತಿದ್ದೆವು. ಕೊಂಡ ಕ್ಷಣಕ್ಕೇ ಖುಷಿ ಮುಗಿದುಹೋಗುತ್ತದೆ, ಆಮೇಲೆ ಇನ್ನೊಂದು ಬೇಕು. ಮಂಚದ ಕೆಳಗಿನ 21 ಡಬ್ಬಿಗಳು 21 ಕಾರುಗಳಲ್ಲ, ಮುಂದಿನ ಭಾನುವಾರ ಖಂಡಿತ ಬಿಡುವು ಸಿಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡ 21 ಸುಳ್ಳುಗಳು.

ಅಪ್ಪನಿಗೆ ಕಪಾಟಿನ ಮೂರರಲ್ಲಿ ಇಷ್ಟವಾಗಿದ್ದು ಸಿಟ್ರೋಯೆನ್ 2ಸಿವಿ, ರೆವೆಲ್ ಕಂಪನಿಯ ಕಿಟ್. ಇದು ಫ್ರಾನ್ಸಿನ ಒಕ್ಕಲಿಗರಿಗಾಗಿ ಮಾಡಿದ ಕಾರು, ನೇಗಿಲು ಹೊಡೆದ ಹೊಲದಾಗ ಮೊಟ್ಟೆಯ ಬುಟ್ಟಿ ಇಟ್ಟುಕೊಂಡು ಹೋದರೂ ಮೊಟ್ಟೆ ಒಡೀಬಾರದು ಅಂತ ಮಾಡಿದ್ದು ಅಂದೆ. ಕೈಯಲ್ಲಿ ಹಿಡಿದು, ಕಣ್ಣಿನ ಹತ್ತಿರ ತಂದು ತಿರುಗಿಸಿ ನೋಡಿದ. "ಹೊಲಕ್ಕ ಹೋಗೋ ಗಾಡಿ ಅಂತೀದಿ, ಮಣ್ಣೆಲ್ಲದ?"

ಅಪ್ಪ 14 ವರ್ಷ ಕಲಬುರಗಿಯ ದಾಲ್ ಮಿಲ್ ಸಾಹುಕಾರರೊಬ್ಬರ ಬಿಳೀ ಅಂಬಾಸಿಡರ್ ಓಡಿಸಿದವನು. ನನ್ನ ಬಿಇ ಫೀಸು ಆ ಸ್ಟೇರಿಂಗಿನಿಂದಲೇ ಬಂದದ್ದು. ಕಾರು ಗುಜರಿಗೆ ಹೋಗಿ ವರ್ಷಗಳಾದವು. ಅದರ ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ, ಅಕ್ಕನ ಮದುವೆ ಆಲ್ಬಮ್ಮಿನಲ್ಲಿ ಅರ್ಧ ಬಾನೆಟ್ ಕಾಣುವ ಒಂದನ್ನು ಬಿಟ್ಟರೆ. ಈಗ ಸಕ್ಕರೆ ಕಾಯಿಲೆ ಅಪ್ಪನ ಕಣ್ಣಿಗೆ ಇಳಿದಿದೆ. ಗಾಡಿ ಓಡಿಸುವುದು ನಿಂತಿದೆ. ಆ ಕಾರು ಇವತ್ತು ಪೂರ್ತಿಯಾಗಿ ಇರುವುದು ಅವನ ತಲೆಯಲ್ಲಿ ಮಾತ್ರ.

ಹಾಗಾಗಿ ಸ್ಟೈರೀನ್ ಹಾಳೆ ತಂದು, ಅಂಬಾಸಿಡರಿನ ಉದ್ದ ಅಗಲ 24ರಿಂದ ಭಾಗಿಸಿ, ಕತ್ತರಿಸಲು ಶುರುಮಾಡಿದೆ. ಅಚ್ಚಿಲ್ಲ, ಸೂಚನೆಯ ಹಾಳೆ ಇಲ್ಲ. ವಿಡಿಯೋ ಕಾಲ್‌ನಲ್ಲಿ ಅಪ್ಪ ಇದ್ದಾನೆ, ಮೊಬೈಲನ್ನು ಮೂಗಿಗೆ ತಾಗಿಸಿಕೊಂಡು. "ಬಾನೆಟ್ ಅಷ್ಟ್ ಚಪ್ಪಟ ಇರ್ಲಿಲ್ಲೋ, ಉಬ್ಬಿರ್ಲಿ." "ಗೇರ್ ಕೆಳಗ ಯಾಕಿಟ್ಟಿ? ಸ್ಟೇರಿಂಗ್ ಬುಡಕ್ಕಿತ್ತು. ಅದಕ್ಕಾಗೇ ಮುಂದ ಮೂರ್ ಮಂದಿ ಕೂಡ್ತಿದ್ರು." "ಎಡಗಡಿ ಮಡ್‌ಗಾರ್ಡ್ ನೆಗ್ಗಿತ್ತು, ಹುಮನಾಬಾದ ರೋಡಿನಾಗ ಎಮ್ಮಿ ಅಡ್ಡ ಬಂದಿತ್ತು." ಯಾವ ಕಂಪನಿಯ ಹಾಳೆಯಲ್ಲೂ ಇದು ಬರೆದಿರುವುದಿಲ್ಲ.

ಬಾನೆಟ್ ಎರಡು ಸಲ ಕೆಟ್ಟಿದೆ, ಮೂರನೇದು ಪುಟ್ಟಿ ಮೆತ್ತಿ ಉಜ್ಜುತ್ತಿದ್ದೇನೆ. ಪಂದ್ಯಕ್ಕೆ ಇಟ್ಟರೆ ಮೊದಲ ಸುತ್ತಿನಲ್ಲೇ ಹೊರಗೆ. 21 ಡಬ್ಬಿಗಳಲ್ಲಿ 15 ಮಾರಿದೆ, ಕೊಂಡವರಿಗೆ ಮಾಡಿ ಅಂತ ಹೇಳಿಯೇ ಕೊಟ್ಟೆ. ಆರು ಉಳಿಸಿಕೊಂಡಿದ್ದೇನೆ, ಆಸೆ ಪೂರ್ತಿ ಹೋಗಿಲ್ಲ.

ಹೋದ ತಿಂಗಳು ಊರಿಗೆ ಹೋದಾಗ ಹೊಲದ ಬದುವಿನಿಂದ ಒಂದು ಹಿಡಿ ಎರಿ ಮಣ್ಣು ತಂದೆ. ತೆಳು ಬಟ್ಟೆಯಲ್ಲಿ ಮೂರು ಸಲ ಸೋಸಬೇಕು, ಇಲ್ಲದಿದ್ದರೆ 1/24ರಲ್ಲಿ ಮಣ್ಣೂ ಕಲ್ಲಾಗಿ ಕಾಣುತ್ತದೆ. ಅಂಟಿನ ನೀರಿನಲ್ಲಿ ಕಲಸಿ ಮೊದಲು 2ಸಿವಿಯ ಗಾಲಿಗೆ ಹಚ್ಚಿ ನೋಡಿದೆ. ವಿಡಿಯೋದಲ್ಲಿ ತೋರಿಸಿದರೆ ಅಪ್ಪ ಬಹಳ ಹೊತ್ತು ನೋಡಿದ.

"ಇನ್ನೊಂದೀಟ್ ಹಚ್ಚು," ಅಂದ. "ಮಳಿ ಆದ ಮ್ಯಾಲ ನಮ್ಮ ಮಣ್ಣು ಅಷ್ಟಕ್ಕ ಬಿಡಂಗಿಲ್ಲ."