ಫ್ಯೂಜಿ ಚಿತ್ರಗಳ ಸಂಗ್ರಹದಲ್ಲಿ ‘ಮೊದಲ ಪ್ರತಿ’ಯ ಪ್ರಶ್ನೆ

ಜಪಾನಿನ ಹೊಕುಸಾಯ್ (1760–1849) ಎಪ್ಪತ್ತರ ವಯಸ್ಸಿನ ಸುಮಾರಿಗೆ ರಚಿಸಿದ ‘ಫ್ಯೂಜಿ ಪರ್ವತದ ಮೂವತ್ತಾರು ನೋಟಗಳು’ ಎಂಬ ಮರದಚ್ಚಿನ ಚಿತ್ರಮಾಲೆಯನ್ನು ಎದೊ ನಗರದ ಪ್ರಕಾಶಕ ನಿಶಿಮುರಾಯಾ ಯೊಹಾಚಿ 1830ರ ಸುಮಾರಿನಿಂದ ಹೊರತಂದನು. ಜನರು ಮೆಚ್ಚಿದುದರಿಂದ ಮತ್ತೆ 10 ಚಿತ್ರಗಳು ಸೇರಿ ಒಟ್ಟು 46 ಆದುವು. ಸಾಮಾನ್ಯ ನಾಗರಿಕರು ಅಲ್ಪ ಬೆಲೆಗೆ ಕೊಳ್ಳುತ್ತಿದ್ದ ಈ ಮಾಲೆಯ ‘ಮಹಾತರಂಗ’ದ ಒಂದು ಪ್ರತಿ 2023ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 27.6 ಲಕ್ಷ ಡಾಲರಿಗೆ ಮಾರಾಟವಾಯಿತು.

ಇಂತಹ ಬೆಲೆಯ ಹಿಂದಿರುವ ಮುಖ್ಯ ತತ್ತ್ವವೆಂದರೆ, ಮೊದಲು ಅಚ್ಚಾದ ಪ್ರತಿಯೇ ಶ್ರೇಷ್ಠ ಎಂಬುದು. ಇದು ನಿರಾಧಾರವಲ್ಲ. ಚೆರ್ರಿ ಮರದ ಹಲಗೆ ಸವೆದಂತೆ ಗೆರೆಗಳು ಮುರಿಯುತ್ತವೆ. ವರ್ಣಚ್ಛಾಯೆಯ ಸೂಕ್ಷ್ಮತೆಯೂ ಉಳಿಯುವುದಿಲ್ಲ. ‘ಕೆಂಪು ಫ್ಯೂಜಿ’ ಎಂದು ಪ್ರಸಿದ್ಧವಾದ ಚಿತ್ರದ ಅತ್ಯಂತ ಹಳೆಯ ಪ್ರತಿಗಳಲ್ಲಿ ಪರ್ವತವು ನಸುಗೆಂಪು, ಆಕಾಶವು ತೆಳುನೀಲಿ. ಗಾಢವಾದ ಕೆಂಪು ಅನಂತರದ ಅಚ್ಚುಗಳದು.

ಆದರೆ ಲೋಕವು ಚಿತ್ರಕ್ಕೆ ಹೆಸರಿಟ್ಟುದು ಈ ಅನಂತರದ ರೂಪವನ್ನು ನೋಡಿಯೇ. ಹಾಗಾದರೆ ಮೂಲ ಯಾವುದು? ಚಿತ್ರಕಾರನು ತೆಳುಕಾಗದದ ಮೇಲೆ ಬರೆದ ರೇಖಾಚಿತ್ರವನ್ನು ಹಲಗೆಗೆ ಅಂಟಿಸಿ ಕೆತ್ತುತ್ತಿದ್ದರು. ಕೆತ್ತುವಾಗಲೇ ಅದು ನಾಶವಾಗುತ್ತಿತ್ತು. ಉಳಿಯುತ್ತಿದ್ದುದು ಪ್ರತಿಗಳು ಮಾತ್ರ. ಅವು ಚಿತ್ರಕಾರ, ಕೆತ್ತನೆಗಾರ, ಅಚ್ಚುಗಾರ, ಪ್ರಕಾಶಕ ಈ ನಾಲ್ವರ ಕೂಡುದುಡಿಮೆಯ ಫಲ. ಏಕೈಕ ಕೃತಿಗೆ ಸಲ್ಲುವ ‘ಮೂಲ’ದ ಗೌರವವನ್ನು ಇಲ್ಲಿ ಮೊದಲ ಪ್ರತಿಗೆ ಸಲ್ಲಿಸುವುದು ಸಂಗ್ರಾಹಕರ ರೂಢಿ, ಅದು ಇತಿಹಾಸದ ತೀರ್ಪಲ್ಲ.

ಸಂಗ್ರಾಹಕರಿಂದಾದ ಉಪಕಾರವನ್ನು ಮರೆಯಲಾಗದು. ಸ್ಪಾಲ್ಡಿಂಗ್ ಸಹೋದರರು 1921ರಲ್ಲಿ ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯಕ್ಕೆ 6,000ಕ್ಕೂ ಮಿಕ್ಕಿದ ಜಪಾನೀ ಅಚ್ಚುಚಿತ್ರಗಳನ್ನು ದಾನವಿತ್ತಾಗ, ಅವುಗಳನ್ನು ಸಾರ್ವಜನಿಕ ಪ್ರದರ್ಶನಕ್ಕೆ ಇಡಬಾರದೆಂಬ ನಿಬಂಧನೆ ಹಾಕಿದರು. ಸಸ್ಯಜನ್ಯ ಬಣ್ಣಗಳು ಬೆಳಕಿಗೆ ಮಾಸುತ್ತವೆಯಾದುದರಿಂದ ನಿಬಂಧನೆ ಸಕಾರಣವಾದುದು. ಅಲ್ಲಿ ಬಣ್ಣಗಳು ತಮ್ಮ ಹೊಸತನದಲ್ಲಿ ಉಳಿದಿವೆ. ಆದರೂ ಬೀದಿಯ ಅಂಗಡಿಯಲ್ಲಿ ಎಲ್ಲರ ಕಣ್ಣಿಗೂ ಬೀಳಲೆಂದು ಹುಟ್ಟಿದ ಕಲೆಯನ್ನು ಗೋಡೆಗೇರಿಸದೆ ಕಾಯಬೇಕಾಗಿ ಬಂದುದು ವಿಚಾರಾರ್ಹ.

ಆದುದರಿಂದ ಚರಿತ್ರೆಯ ವಿದ್ಯಾರ್ಥಿಯು ಉತ್ತಮ ಪ್ರತಿಯೊಂದಿಗೆ ಸವೆದ ಹಲಗೆಯ ಪ್ರತಿಯನ್ನೂ ಇಟ್ಟು ನೋಡಬೇಕು. ಮೊದಲನೆಯದು ಆ ನಾಲ್ವರ ಕೌಶಲವನ್ನು ತಿಳಿಸುತ್ತದೆ. ಎರಡನೆಯದು, ಹಲಗೆ ಸವೆಯುವಷ್ಟು ಜನ ಆ ಚಿತ್ರವನ್ನು ಬಯಸಿದರೆಂಬುದನ್ನು. ಸಂಗ್ರಾಹಕನು ಬದಿಗಿಟ್ಟ ಪ್ರತಿಯೂ ಇತಿಹಾಸಕಾರನಿಗೆ ಆಧಾರವೇ.