ಒಂದು ವಾರದ ಸೇವೆ, ನೂರೈವತ್ತು ವರ್ಷದ ಋಣ

ಬೇಸಿಗೆ ರಜೆ ಬಂತೆಂದರೆ ಅಮೆರಿಕದ ಚರ್ಚುಗಳಲ್ಲಿ ಹದಿಹರೆಯದವರ ತಂಡಗಳು ಮಿಷನ್ ಪ್ರವಾಸಕ್ಕೆ ಸಜ್ಜಾಗುತ್ತವೆ. ಹೊರದೇಶಗಳಿಗೆ ಹೀಗೆ ಹೋಗಿ ಬರುವವರೇ ವರ್ಷಕ್ಕೆ ಸುಮಾರು 16 ಲಕ್ಷ ಎಂದು ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೋ ಅಂದಾಜಿಸಿದ್ದರು. ದೇಶದೊಳಗಿನ ಮೂಲನಿವಾಸಿಗಳ ಊರುಗಳಿಗೆ ಹೋಗುವವರು ಈ ಲೆಕ್ಕಕ್ಕೆ ಸೇರುವುದಿಲ್ಲ. ದಕ್ಷಿಣ ಡಕೋಟಾ ರಾಜ್ಯದ ಪೈನ್ ರಿಡ್ಜ್ ಅಂಥದೊಂದು ಜಾಗ. ಒಗ್ಲಾಲಾ ಲಕೋಟಾ ಜನರ ಈ ಮೀಸಲು ಪ್ರದೇಶಕ್ಕೆ ಬರುವ ತಂಡ ಸಾಮಾನ್ಯವಾಗಿ ಒಂದು ವಾರ ಇರುತ್ತದೆ. ಮನೆ ರಿಪೇರಿ ಮಾಡುತ್ತದೆ. ಎಷ್ಟೋ ತಂಡಗಳು ಜೊತೆಗೆ ಊರ ಮಕ್ಕಳಿಗೆ ಹಾಡು, ಆಟ, ಬೈಬಲ್ ಕಥೆಗಳ ಶಿಬಿರವನ್ನೂ ನಡೆಸುತ್ತವೆ. ಈ ಪ್ರವಾಸಗಳು ಸಾರ್ಥಕವೋ ಅಲ್ಲವೋ ಎಂಬುದನ್ನು ಹೋಗಿ ಬಂದವರ ಅನುಭವದಿಂದಲೇ ಅಳೆಯುವುದು ರೂಢಿ. ಆ ಹುಡುಗ ಹುಡುಗಿಯರ ಒಳ್ಳೆಯತನವನ್ನು ನಾನು ಅನುಮಾನಿಸುವುದಿಲ್ಲ. ಆದರೆ ಸೇವೆಯ ಬೆಲೆಯನ್ನು ಹೇಳಬೇಕಾದವರು ಸೇವೆ ಪಡೆದವರು.

ಪೈನ್ ರಿಡ್ಜ್‌ನ ಬಡತನ ತಾನಾಗಿ ಬಂದದ್ದಲ್ಲ. 1868ರ ಫೋರ್ಟ್ ಲಾರಮಿ ಒಪ್ಪಂದದ ಪ್ರಕಾರ ಬ್ಲ್ಯಾಕ್ ಹಿಲ್ಸ್ ಬೆಟ್ಟಸೀಮೆ ಲಕೋಟಾ ಜನರದ್ದು. ಅಲ್ಲಿ ಚಿನ್ನ ಸಿಕ್ಕಿತು. 1877ರಲ್ಲಿ ಸರ್ಕಾರ ಅದನ್ನು ಕಿತ್ತುಕೊಂಡಿತು. 1980ರಲ್ಲಿ ಸುಪ್ರೀಂ ಕೋರ್ಟ್ 10 ಕೋಟಿ ಡಾಲರಿಗೂ ಮಿಕ್ಕಿದ ಪರಿಹಾರವನ್ನು ಎತ್ತಿಹಿಡಿದರೂ ಲಕೋಟಾ ಜನರು ಆ ಹಣವನ್ನು ಮುಟ್ಟಲಿಲ್ಲ. ತಮಗೆ ನೆಲವೇ ಬೇಕೆಂದರು, ಇವತ್ತಿಗೂ ಹಾಗೇ ಹೇಳುತ್ತಿದ್ದಾರೆ. ಇಷ್ಟು ಸ್ವಾಭಿಮಾನವುಳ್ಳ ಜನರನ್ನು ಬರಿಗೈಯವರೆಂದು ಕಂಡು ಕನಿಕರದಿಂದ ಹೊರಡುವುದೇ ಮೊದಲ ತಪ್ಪು.

ಚರ್ಚು ಅಲ್ಲಿ ಹೊಸಬನೂ ಅಲ್ಲ. ಅಧ್ಯಕ್ಷ ಗ್ರಾಂಟ್ ಕಾಲದಲ್ಲಿ ಮೂಲನಿವಾಸಿಗಳನ್ನು ಆಳುವ ಏಜೆನ್ಸಿಗಳನ್ನೇ ಚರ್ಚುಗಳಿಗೆ ಹಂಚಲಾಗಿತ್ತು. ಸರ್ಕಾರದ 1883ರ ನಿಯಮಗಳು ಲಕೋಟಾ ಜನರ ಪವಿತ್ರ ಸೂರ್ಯನೃತ್ಯವನ್ನು ಅಪರಾಧವೆಂದು ಸಾರಿದವು. ವಸತಿಶಾಲೆಗಳಲ್ಲಿ ಮಕ್ಕಳ ಕೂದಲು ಕತ್ತರಿಸಿದರು, ತಾಯ್ನುಡಿಯಾಡಿದರೆ ಶಿಕ್ಷಿಸಿದರು. 1890ರ ಡಿಸೆಂಬರ್ 29ರಂದು ವೂಂಡೆಡ್ ನೀ ಹಳ್ಳದ ಬಳಿ ಸೈನ್ಯ ಲಕೋಟಾ ಜನರನ್ನು ಹೆಂಗಸರು ಮಕ್ಕಳೆನ್ನದೆ ಕೊಂದಾಗ, ಬದುಕುಳಿದ ಗಾಯಾಳುಗಳನ್ನು ಮಲಗಿಸಿದ್ದು ಕ್ರಿಸ್‌ಮಸ್ ಅಲಂಕಾರ ಇನ್ನೂ ತೆಗೆಯದಿದ್ದ ಚರ್ಚಿನಲ್ಲಿ. ಮೂಲನಿವಾಸಿಗಳ ಧರ್ಮಾಚರಣೆಯನ್ನು ಕಾಪಾಡುವ ಕಾನೂನು ಬಂದದ್ದು 1978ರಲ್ಲಿ. ತಾತ ಮುತ್ತಾತಂದಿರು ಇದನ್ನೆಲ್ಲ ಅನುಭವಿಸಿದ ಮನೆಯ ಮಗುವಿಗೆ, ಮೊನ್ನೆ ಬಂದು ನಾಳೆ ಹೊರಡುವವರು ಧರ್ಮಬೋಧೆ ಮಾಡುವುದು ಸರಿಯಲ್ಲ.

ಕೈಕೆಲಸದ ಮಾತು ಬೇರೆ. ಅಲ್ಲಿ ಮನೆಗಳ ಕೊರತೆ ತೀವ್ರ. ಒಂದೇ ಟ್ರೈಲರ್ ಮನೆಯಲ್ಲಿ ಎರಡು ಮೂರು ಸಂಸಾರಗಳು ಇರುವುದುಂಟು. ನೆಲದ ಮೇಲೆ ಮಲಗುವ ಮಕ್ಕಳಿಗೆ ಮಂಚ, ಗಾಲಿಕುರ್ಚಿಯ ಅಜ್ಜಿಗೆ ಬಾಗಿಲವರೆಗೊಂದು ಇಳಿಜಾರು ಹಾದಿ ನಿಜವಾಗಿ ಬೇಕಾದವು. ಆದರೆ ಖರ್ಚಿನ ಲೆಕ್ಕವನ್ನೂ ನೋಡಬೇಕು. 1998ರ ಮಿಚ್ ಚಂಡಮಾರುತದ ನಂತರ ಹೊಂಡುರಾಸ್‌ನಲ್ಲಿ ಕಟ್ಟಿದ ಮನೆಗಳನ್ನು ಸಮಾಜಶಾಸ್ತ್ರಜ್ಞ ಕರ್ಟ್ ವೆರ್ ಬೀಕ್ ಅಧ್ಯಯನ ಮಾಡಿದರು. ಅಲ್ಲಿ ಒಂದು ಮನೆಗೆ ತಗಲುತ್ತಿದ್ದುದು ಸುಮಾರು 2,000 ಡಾಲರ್. ಅದನ್ನು ಕಟ್ಟಲು ಹೊರಗಿನಿಂದ ಬಂದ ತಂಡದ ಪ್ರಯಾಣಕ್ಕೇ ಅದರ ಹಲವು ಪಟ್ಟು ಹಣ ಹೋಗಿತ್ತು. ಮನೆ ಪಡೆದವರ ಬದುಕಿನಲ್ಲಿ, ಅದನ್ನು ಪರದೇಶದವರು ಕಟ್ಟಿದರೋ ಊರವರು ಕಟ್ಟಿದರೋ ಎಂಬುದರಿಂದ ವ್ಯತ್ಯಾಸವೇನೂ ಆಗಿರಲಿಲ್ಲ. ಹೋಗಿ ಬಂದವರ ದಾನಬುದ್ಧಿಯೂ ಹೇಳಿಕೊಂಡಷ್ಟು ಬದಲಾಗಿರಲಿಲ್ಲ. ಕೆಲಸವಿಲ್ಲದೆ ಕೂತ ಕೈಗಳು ಹೆಚ್ಚಿರುವ ಪೈನ್ ರಿಡ್ಜ್‌ನಲ್ಲಿ ಆ ಪ್ರಯಾಣದ ಹಣ ಊರಿನ ಬಡಗಿಗೆ ಕೂಲಿಯಾದರೆ ಎಷ್ಟು ಮಂಚಗಳಾದಾವು! ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧಾರ ಮಾಡಲು ಮಾತ್ರ ಬರಬೇಡಿ ಎಂಬ ಅರ್ಥದ ಮಾತನ್ನು ಚಿಂತಕ ಇವಾನ್ ಇಲಿಚ್ 1968ರಲ್ಲೇ ಮೆಕ್ಸಿಕೋದ ಹಳ್ಳಿಗಳಿಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳಿಗೆ ಹೇಳಿದ್ದರು. ಅವರು ಸ್ವತಃ ಪಾದ್ರಿಯಾಗಿದ್ದರು ಎಂಬುದು ಗಮನಾರ್ಹ.

ಒಳ್ಳೆಯ ಮಾದರಿ ಇಲ್ಲದಿಲ್ಲ. ಪೈನ್ ರಿಡ್ಜ್‌ನಲ್ಲೇ ಇರುವ ರೀ-ಮೆಂಬರ್ ಸಂಸ್ಥೆ ಬಂದವರನ್ನು ವೂಂಡೆಡ್ ನೀಗೆ ಕರೆದೊಯ್ಯುತ್ತದೆ, ಲಕೋಟಾ ಹಿರಿಯರ ಮಾತಿಗೆ ಕಿವಿಗೊಡುವಂತೆ ಕೂರಿಸುತ್ತದೆ, ಮಂಚ ಮಾಡಲು ಸುತ್ತಿಗೆಯನ್ನೂ ಕೈಗೆ ಕೊಡುತ್ತದೆ. ಇಲ್ಲಿ ಅತಿಥಿ ಮೊದಲು ವಿದ್ಯಾರ್ಥಿಯಾಗುತ್ತಾನೆ. ಕನ್ನಡಿಗರಾದ ನಮಗೂ ಮಿಷನರಿಗಳ ಪರಿಚಯವುಂಟು. ಬಾಸೆಲ್ ಮಿಷನ್ನಿನ ಕಿಟ್ಟೆಲ್ 1853ರಲ್ಲಿ ಬಂದವರು. ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಅವರ ಧರ್ಮಪ್ರಚಾರವನ್ನು ಒಪ್ಪದವರೂ ಆ ನಿಘಂಟನ್ನು ತೆರೆಯುತ್ತಾರೆ. ದಶಕಗಳ ಕಾಲ ಒಂದು ಜನದ ನುಡಿಗೆ ಕಿವಿಗೊಟ್ಟದ್ದರ ಫಲವದು. ಒಂದು ವಾರದ ಪ್ರವಾಸಕ್ಕೆ ಆ ಫಲ ಸಿಗಲಾರದು.

2022ರ ಜುಲೈನಲ್ಲಿ ಲಕೋಟಾ ನಂಬಿಕೆಯನ್ನು ಹೀಗಳೆಯುವ ಕರಪತ್ರವೊಂದು ಪೈನ್ ರಿಡ್ಜ್‌ನಲ್ಲಿ ಹಂಚಿಕೆಯಾಯಿತು. ಒಗ್ಲಾಲಾ ಬುಡಕಟ್ಟು ಪರಿಷತ್ತು ಅದನ್ನು ಹಂಚಿದವರನ್ನು ಹೊರಹಾಕಿತು. ಮಿಷನರಿ ಚಟುವಟಿಕೆಯನ್ನೆಲ್ಲ ತಾತ್ಕಾಲಿಕವಾಗಿ ನಿಲ್ಲಿಸಿ, ಮಿಷನರಿಗಳೂ ಚರ್ಚುಗಳೂ ನೋಂದಾಯಿಸಿಕೊಳ್ಳಬೇಕೆಂದಿತು. ಕೆಲವರಿಗೆ ಇದು ಕಠಿಣವೆನಿಸಬಹುದು. ನನಗೆ ಇದು ಮನೆಯ ಯಜಮಾನರು ಬಹಳ ತಡವಾಗಿ ಚಲಾಯಿಸಿದ ಹಕ್ಕು.

ಯುವಜನರನ್ನು ಕಳಿಸುವ ಸಭಾಪಾಲಕರು ಮೊದಲು ಬುಡಕಟ್ಟಿನ ಒಪ್ಪಿಗೆ ಪಡೆಯಲಿ, ಏನು ಬೇಕೆಂದು ಅವರನ್ನೇ ಕೇಳಲಿ. ಬೋಧೆಯನ್ನೂ ಮಕ್ಕಳ ಫೋಟೊ ತೆಗೆಯುವುದನ್ನೂ ಕೈಬಿಡಲಿ. ಪ್ರವಾಸಕ್ಕೆ ಕೂಡಿಸಿದಷ್ಟೇ ಹಣವನ್ನು ಅಲ್ಲಿನವರ ತೀರ್ಮಾನದಂತೆ ಖರ್ಚಾಗಲು ಕೊಡಲಿ. ಇಷ್ಟಕ್ಕೆ ಸಿದ್ಧವಿರುವ ತಂಡ ಹೋಗಲಿ. ಸಿದ್ಧವಿಲ್ಲದ ತಂಡ ಹೋಗದಿರುವುದೇ ಪೈನ್ ರಿಡ್ಜ್‌ಗೆ ಒಳ್ಳೆಯದು.